ಹಳೆಯ ರೆಕ್ಕೆ, ಹೊಸ ರೆಕ್ಕೆ

ಆಲೂರಿನ ಕಡೆಯಿಂದ ಸಕಲೇಶಪುರಕ್ಕೆ ಸಾಗುವ ದಾರಿಯಲ್ಲಿ ಬಾಳ್ಳುಪೇಟೆ ಇದೆ. ಅದರ ಸುತ್ತಲಿನ ಗುಡ್ಡಗಳಲ್ಲಿ ಕಾಫಿ ತೋಟಗಳು ಹಬ್ಬಿವೆ. ಇಲ್ಲಿನ ಬೆಳೆಗಾರನು ಮುಪ್ಪಾದ ಗಿಡದ ಮುಂದೆ ನಿಂತು ಯೋಚಿಸುತ್ತಾನೆ: ರೆಂಬೆಗಳನ್ನು ಸವರಿ, ಗೊಬ್ಬರ ಹಾಕಿ ಇದನ್ನೇ ಉಳಿಸಿಕೊಳ್ಳಬೇಕೆ? ಇಲ್ಲವೇ ಕಿತ್ತು ಹೊಸ ಸಸಿಯನ್ನು ನೆಡಬೇಕೆ? ಸವರಿದ ಗಿಡ ಬೇಗ ಚಿಗುರುತ್ತದೆ; ಖರ್ಚೂ ಕಡಿಮೆ. ಹೊಸ ಸಸಿ ಫಲ ಕೊಡಲು ಮೂರು ನಾಲ್ಕು ವರ್ಷ ಕಾಯಬೇಕು. ಆದರೆ ಕಾಂಡಕೊರಕ ಹುಳು ಒಳಹೊಕ್ಕ ಗಿಡವನ್ನು ಎಷ್ಟು ಸವರಿದರೂ ಪ್ರಯೋಜನವಿಲ್ಲ.

ನಮ್ಮ ವಾಯುಪಡೆಯನ್ನು ಬಹುಕಾಲದಿಂದ ಕಾಡುತ್ತಿರುವುದೂ ಇಂತಹದೇ ಪ್ರಶ್ನೆ. ಹಳೆಯ ಯುದ್ಧವಿಮಾನಗಳನ್ನು ನವೀಕರಿಸಬೇಕೆ? ಆ ಹಣವನ್ನು ಹೊಸ ವಿಮಾನಗಳಿಗೆ ವಿನಿಯೋಗಿಸಬೇಕೆ?

ವಿಮಾನಕ್ಕೆ ಬರುವ ಮುಪ್ಪು ಎರಡು ಬಗೆಯದು. ರೇಡಾರ್, ಕ್ಷಿಪಣಿ, ಸಂಪರ್ಕ ಸಾಧನಗಳು ಕಾಲ ಕಳೆದಂತೆ ಹಿಂದೆ ಬೀಳುತ್ತವೆ. ಇವನ್ನು ತೆಗೆದು ಹೊಸವನ್ನು ಜೋಡಿಸಬಹುದು. ಆದರೆ ಪ್ರತಿ ಹಾರಾಟದಲ್ಲಿಯೂ ರೆಕ್ಕೆ ಮತ್ತು ಒಡಲಿನ ಲೋಹ ಎಳೆತಕ್ಕೆ ಸಿಕ್ಕಿ ದಣಿಯುತ್ತದೆ. ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ. ಆದುದರಿಂದಲೇ ವಿಮಾನದ ಆಯುಷ್ಯವನ್ನು ಹಾರಾಟದ ಗಂಟೆಗಳಲ್ಲಿಯೂ ಅಳೆಯುತ್ತಾರೆ. ಈ ಎರಡನೆಯ ಮುಪ್ಪಿಗೆ ನವೀಕರಣವು ಪೂರ್ಣ ಪರಿಹಾರವಲ್ಲ.

ಮಿಗ್-21 ವಿಮಾನವು 1963ರಲ್ಲಿ ನಮ್ಮ ವಾಯುಪಡೆಯನ್ನು ಸೇರಿತು. 1996ರಲ್ಲಿ ಅಂತಹ 125 ವಿಮಾನಗಳನ್ನು ನವೀಕರಿಸಲು ಒಪ್ಪಂದವಾಯಿತು. ಹೊಸ ರೇಡಾರ್ ಮತ್ತು ಕ್ಷಿಪಣಿಗಳನ್ನು ಪಡೆದ ಅವು 'ಬೈಸನ್' ಎಂಬ ಹೆಸರಿನಿಂದ ಮತ್ತೆ ಹಾರಿದವು. ಕಡೆಯ ಮಿಗ್-21 ವಿಮಾನಗಳು ಚಂಡೀಗಢದಲ್ಲಿ ನಿವೃತ್ತಿ ಹೊಂದಿದುದು 2025ರ ಸೆಪ್ಟೆಂಬರ್ 26ರಂದು. ಅರವತ್ತೆರಡು ವರ್ಷಗಳ ಈ ದೀರ್ಘ ಸೇವೆಯಲ್ಲಿ ಅವು ಯುದ್ಧಗಳಲ್ಲಿ ಕೀರ್ತಿ ಗಳಿಸಿದವು. ಅಪಘಾತಗಳಲ್ಲಿ ಅನೇಕ ತರುಣ ಚಾಲಕರು ಪ್ರಾಣ ತೆತ್ತುದೂ ಉಂಟು.

ಅವನ್ನು ಇಷ್ಟು ಕಾಲ ಹಾರಿಸಬೇಕಾದುದೇಕೆ? ಅವುಗಳ ಸ್ಥಾನಕ್ಕೆ ಬರಬೇಕಾಗಿದ್ದ ವಿಮಾನ ಸಿದ್ಧವಾಗಿರಲಿಲ್ಲ. ಆ ಉದ್ದೇಶದ ಹಗುರ ಯುದ್ಧವಿಮಾನದ ಯೋಜನೆಗೆ 1983ರಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಆಕಾಶದಲ್ಲಿ ಅದು ಮೊದಲು ಹಾರಿದ್ದು 2001ರ ಜನವರಿ 4ರಂದು. ಮುಂದೆ 'ತೇಜಸ್' ಎನಿಸಿಕೊಂಡ ಈ ವಿಮಾನದ ಮೊದಲ ದಳ ಬೆಂಗಳೂರಿನಲ್ಲಿ ರೂಪುಗೊಂಡದ್ದು 2016ರ ಜುಲೈ 1ರಂದು. ಅನುಮತಿಯ ವರ್ಷದಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಮೂವತ್ತಮೂರು ವರ್ಷದ ಪ್ರಾಯಕ್ಕೆ ಬಂದಿತ್ತು! ನಮ್ಮದೇ ಆದ 'ಕಾವೇರಿ' ಎಂಜಿನ್ ಈ ವಿಮಾನಕ್ಕೆ ಸಾಲದಾಯಿತು. 1998ರ ಅಣು ಪರೀಕ್ಷೆಯ ಬಳಿಕ ಅಮೆರಿಕ ವಿಧಿಸಿದ ನಿರ್ಬಂಧಗಳೂ ಅಡ್ಡಿಯಾದವು.

ನವೀಕರಣಕ್ಕೂ ಒಂದು ಎಲ್ಲೆ ಇದೆ. 1979ರಲ್ಲಿ ಬಂದ ಜಾಗ್ವಾರ್ ವಿಮಾನಗಳಿಗೆ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಹೊಸ ಉಪಕರಣಗಳನ್ನು ಅಳವಡಿಸಿತು. ಆದರೆ ಅವುಗಳಿಗೆ ಹೊಸ ಎಂಜಿನ್ ಜೋಡಿಸುವ ಆಲೋಚನೆಯನ್ನು, ವೆಚ್ಚ ಮಿತಿಮೀರಿದುದರಿಂದ, 2019ರಲ್ಲಿ ಕೈಬಿಡಲಾಯಿತು.

ಹಾಗೆಂದು ಹೊಸ ವಿಮಾನಗಳೇನೂ ಅಗ್ಗವಲ್ಲ. 2021ರಲ್ಲಿ 83 ತೇಜಸ್ ವಿಮಾನಗಳಿಗೆ ಸುಮಾರು 48,000 ಕೋಟಿ ರೂಪಾಯಿ, 2025ರಲ್ಲಿ ಮತ್ತೆ 97 ವಿಮಾನಗಳಿಗೆ 62,000 ಕೋಟಿಗೂ ಹೆಚ್ಚು ಹಣ ಗೊತ್ತುಮಾಡಲಾಯಿತು. ಶಾಲೆ, ಆಸ್ಪತ್ರೆಗಳನ್ನು ಬೇಡುವ ದೇಶದಲ್ಲಿ ಇದು ದೊಡ್ಡ ಮೊತ್ತವೇ ಸರಿ. ಹಣ ಕೊಟ್ಟೊಡನೆ ವಿಮಾನ ಕೈಸೇರುವುದೂ ಇಲ್ಲ. ಎಂಜಿನ್‌ಗಳು ಅಮೆರಿಕದಿಂದ ತಡವಾಗಿ ಬಂದುದರಿಂದ ಪೂರೈಕೆ ಹಿಂದೆ ಬಿತ್ತು. ವಾಯುಪಡೆಗೆ ಮಂಜೂರಾದ ಯುದ್ಧದಳಗಳು 42. ಮಿಗ್-21 ನಿವೃತ್ತವಾದಾಗ ಉಳಿದವು 29.

ಜಾಣ ಬೆಳೆಗಾರನು ಹಳೆಯ ಗಿಡ ಫಲ ಕೊಡುತ್ತಿರುವಾಗಲೇ ಮಡಿಯಲ್ಲಿ ಸಸಿ ಬೆಳೆಸುತ್ತಾನೆ. ನವೀಕರಣದಿಂದ ದೊರೆಯುವುದು ಕೆಲವು ವರ್ಷಗಳ ಗಡುವು ಮಾತ್ರ. ಆ ಗಡುವಿನಲ್ಲಿ ಹೊಸದನ್ನು ಸಿದ್ಧಪಡಿಸಿದರೆ ಅದು ವಿವೇಕ. ಸುಮ್ಮನಿದ್ದರೆ ಅದು ಮುಂದೂಡಿಕೆ. ಮುಂದೂಡಿಕೆಯ ಬೆಲೆಯನ್ನು ತೆರುವವರು ಲೆಕ್ಕ ಬರೆಯುವವರಲ್ಲ, ಹಳೆಯ ವಿಮಾನವನ್ನೇರಿ ಆಕಾಶಕ್ಕೆ ಹೋಗುವವರು.

ಪ್ರಶ್ನೆಗಳು

1. ವಿಮಾನಕ್ಕೆ ಬರುವ ಎರಡು ಬಗೆಯ ಮುಪ್ಪು ಯಾವುವು?
2. ಮಿಗ್-21 ವಿಮಾನಗಳನ್ನು ದೀರ್ಘಕಾಲ ಬಳಸಬೇಕಾಗಿ ಬಂದುದೇಕೆ?
3. 'ನವೀಕರಣದಿಂದ ದೊರೆಯುವುದು ಕೆಲವು ವರ್ಷಗಳ ಗಡುವು ಮಾತ್ರ' – ವಿವರಿಸಿ.