ಮುಳುಗುವ ಬೆಟ್ಟ, ಬೆಳೆಯುವ ಹವಳ



ಹವಳ ಎಂದರೆ ನಮಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಮಣಿ ಸರ. ಅದು ಹವಳದ ಒಂದು ಜಾತಿ ಮಾತ್ರ. ನಾನು ಬರೆಯುವುದು ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳದ ಬಗ್ಗೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ! ಸಣ್ಣ ಸಣ್ಣ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಸುಣ್ಣದ ಗೂಡು ಕಟ್ಟುತ್ತವೆ. ಅವು ಸತ್ತ ಮೇಲೆ ಆ ಗೂಡಿನ ಮೇಲೆಯೇ ಹೊಸವು ಕಟ್ಟುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರ್ತದೆ. ಪಾಚಿಗೆ ಬಿಸಿಲು ಬೇಕು, ಹವಳಕ್ಕೆ ಪಾಚಿ ಮಾಡಿದ ಆಹಾರ ಬೇಕು. ಆದ್ದರಿಂದ ಈ ಹವಳ ತುಂಬಾ ಆಳದಲ್ಲಿ ಬದುಕುವುದಿಲ್ಲ.

ಹಾಗಾದರೆ ನಡು ಸಮುದ್ರದಲ್ಲಿ, ತಳವೇ ಸಿಗದ ಕಡೆ, ಉಂಗುರದ ಆಕಾರದ ಹವಳ ದ್ವೀಪಗಳು ಹೇಗೆ ಬಂದವು?

ಇದಕ್ಕೆ ಉತ್ತರ ಹುಡುಕಿದವನು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್. ಆಗ ಅವನು ವಿಜ್ಞಾನಿಯೇ ಅಲ್ಲ! ಅಪ್ಪ ಡಾಕ್ಟರು. ಮಗನೂ ಡಾಕ್ಟರಾಗಲಿ ಅಂತ ಓದಲು ಕಳಿಸಿದರೆ, ಅರಿವಳಿಕೆ ಇಲ್ಲದೆ ಮಾಡುವ ಆಪರೇಷನ್ ನೋಡಲಾಗದೆ ಅರ್ಧಕ್ಕೇ ಎದ್ದು ಓಡಿದ. ಆಮೇಲೆ ಪಾದ್ರಿಯಾಗಲೆಂದು ಕೇಂಬ್ರಿಜ್‌ಗೆ ಸೇರಿಸಿದರು. ಬಿ.ಎ. ಮುಗಿಸಿ, 1831ರ ಡಿಸೆಂಬರಿನಲ್ಲಿ, 22ನೇ ವಯಸ್ಸಿಗೆ ಬೀಗಲ್ ಎಂಬ ಹಡಗಿನಲ್ಲಿ ದೇಶ ಬಿಟ್ಟು ಹೊರಟ.

1835ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ದೊಡ್ಡ ಭೂಕಂಪ ಆಯಿತು. ಬಂಡೆಗೆ ಅಂಟಿದ್ದ ಚಿಪ್ಪುಜೀವಿಗಳು ನೀರಿನಿಂದ ಮೇಲೆ ಬಂದು ಕೊಳೆಯುತ್ತಿದ್ದವು. ಅಂದರೆ ನೆಲವೇ ಮೇಲೆದ್ದಿತ್ತು. ಒಂದು ಕಡೆ ನೆಲ ಏಳುವುದಾದರೆ ಇನ್ನೊಂದು ಕಡೆ ಕುಸಿಯಬೇಕಲ್ಲ ಅಂತ ಅವನು ಯೋಚಿಸಿದ. ಸಮುದ್ರದ ಜ್ವಾಲಾಮುಖಿ ಬೆಟ್ಟದ ಸುತ್ತ ಹವಳ ಬೆಳೆಯುತ್ತದೆ. ಬೆಟ್ಟ ನಿಧಾನಕ್ಕೆ ಕುಸಿಯುತ್ತದೆ. ಹವಳ ಮೇಲಕ್ಕೆ ಮೇಲಕ್ಕೆ ಕಟ್ಟುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಮುಳುಗಿ ಉಂಗುರ ಮಾತ್ರ ಉಳಿಯುತ್ತದೆ. ವಿಚಿತ್ರ ಏನೆಂದರೆ, ಇಷ್ಟು ಯೋಚಿಸುವಾಗ ಅವನು ಒಂದೂ ಹವಳದ ದಿಬ್ಬ ನೋಡಿರಲಿಲ್ಲ.

ನೀವೂ ಮಾಡಿ ನೋಡಬಹುದು. ಬೇಸಿನ್ನಿನಲ್ಲಿ ಒಂದು ಗುಂಡುಕಲ್ಲು ಇಟ್ಟು ಅರ್ಧ ಮುಳುಗುವಷ್ಟು ನೀರು ಹಾಕಿ. ನೀರಿನ ಮಟ್ಟಕ್ಕೆ ಕಲ್ಲಿನ ಸುತ್ತ ಜೇಡಿಮಣ್ಣಿನ ಬಳೆ ಅಂಟಿಸಿ. ಕಲ್ಲನ್ನು ಕುಸಿಸಲು ಆಗುವುದಿಲ್ಲ, ಬದಲಿಗೆ ನೀರು ಏರಿಸಿ. ಏರಿದ ಹಾಗೆ ಬಳೆಯ ಮೇಲೆ ಮಣ್ಣು ನೆಟ್ಟಗೆ ಕಟ್ಟುತ್ತಾ ಹೋಗಿ. ಕಲ್ಲು ಮುಳುಗುವ ಹೊತ್ತಿಗೆ ಬಳೆಯೊಳಗೆ ಒಂದು ಕೆರೆ ಆಗಿರ್ತದೆ. (ಹಿಟ್ಟು ಕಲಸುವ ಬೇಸಿನ್ ತಗೊಂಡರೆ ಬೈಗುಳ ಗ್ಯಾರಂಟಿ.)

1836ರ ಏಪ್ರಿಲ್‌ನಲ್ಲಿ ಹಡಗು ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ ಬಂತು. ಅಲ್ಲಿ ಕ್ಯಾಪ್ಟನ್ ಫಿಟ್ಜ್‌ರಾಯ್ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಅದರ ಅಡಿಗೆ ಕೊಬ್ಬು ಮೆತ್ತಿ ಆಳ ನೋಡಿದ. 60 ಅಡಿಯೊಳಗೆ ಕೊಬ್ಬಿನ ಮೇಲೆ ಹವಳದ ಅಚ್ಚು ಬಿತ್ತು. ಆಳ ಹೆಚ್ಚಿದಂತೆ ಅಚ್ಚು ಕಡಿಮೆಯಾಗಿ ಮರಳು ಅಂಟಿತು. ದಡದಿಂದ ಎರಡು ಕಿಲೋಮೀಟರ್ ದೂರದಲ್ಲಿ 7,200 ಅಡಿ ಹಗ್ಗ ಬಿಟ್ಟರೂ ತಳ ಮುಟ್ಟಲಿಲ್ಲ. ಮಿಷನ್ ಗಿಷನ್ ಏನಿಲ್ಲ, ಹಗ್ಗ ಮತ್ತು ಕೊಬ್ಬು ಅಷ್ಟೆ! ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

1842ರಲ್ಲಿ ಡಾರ್ವಿನ್ ಇದನ್ನು ಪುಸ್ತಕ ಮಾಡಿದ. ಎಲ್ಲರೂ ಒಪ್ಪಲಿಲ್ಲ. ಯಾರಾದರೂ ಕೋಟ್ಯಧೀಶ್ವರ ಹಣ ಹಾಕಿ ಹವಳ ದ್ವೀಪ ಕೊರೆಸಬಾರದೇ ಅಂತ 1881ರಲ್ಲಿ ಕಾಗದ ಬರೆದ. ಮರುವರ್ಷ ತೀರಿಕೊಂಡ. 1952ರಲ್ಲಿ ಅಮೆರಿಕದವರು ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪವನ್ನು ಕೊರೆದರು. 4,000 ಅಡಿಗಿಂತ ಆಳದವರೆಗೆ ಹವಳದ ಸುಣ್ಣಕಲ್ಲು, ಅದರಡಿ ಜ್ವಾಲಾಮುಖಿಯ ಬಂಡೆ! ಹಿಮಯುಗಗಳಲ್ಲಿ ಸಮುದ್ರ ಏರಿಳಿದದ್ದೂ ಉಂಗುರಕ್ಕೆ ಕಾರಣ ಅಂತ ಈಗಿನ ವಿಜ್ಞಾನಿಗಳು ಸೇರಿಸುತ್ತಾರೆ.

ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೋಗುವ ಲಕ್ಷದ್ವೀಪವೂ ಇಂಥದ್ದೇ ಹವಳದ ಮೇಲೆ ಕೂತಿದೆ. ಅಲ್ಲಿ ದೊಡ್ಡ ಅಲೆಗಳನ್ನು ತಡೆಯುವುದು ಹವಳದ ದಿಬ್ಬವೇ. ನೀರು ಬಿಸಿಯಾದರೆ ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಅಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗೆ ಆಯಿತು. ಒಮ್ಮೆ ಸತ್ತದ್ದು ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಈಗ ಅಷ್ಟು ಬಿಡುವು ಸಿಗುತ್ತಿಲ್ಲ.