ಆಟಗಾರ್ತಿಯ ಮುಟ್ಟು ನಿಂತರೆ ಅಲಕ್ಷ್ಯ ಬೇಡ

ಖೋ-ಖೋ, ಕಬಡ್ಡಿ, ಓಟ, ಪೊಲೀಸ್ ಭರ್ತಿಯ ದೈಹಿಕ ಪರೀಕ್ಷೆ ಹೀಗೆ ನಮ್ಮ ಹೆಣ್ಣುಮಕ್ಕಳು ಇಂದು ಎಲ್ಲದಕ್ಕೂ ತಯಾರಾಗುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ತಾಲೀಮು ಹೆಚ್ಚಾಗಿ ಊಟ ಸಾಲದೇ ಹೋದರೆ ಮುಟ್ಟು ನಿಲ್ಲಬಹುದು. "ಆಡುವ ಹುಡುಗಿಯರಿಗೆ ಇದು ಸಹಜ" ಎಂಬ ಮಾತು ತಪ್ಪು. ದೇಹಕ್ಕೆ ಅನ್ನ ಸಾಲುತ್ತಿಲ್ಲ ಎಂಬುದರ ಸೂಚನೆ ಅದು.

ಹೀಗೇಕಾಗುತ್ತದೆ?

ಊಟದಿಂದ ಬಂದ ಶಕ್ತಿಯಲ್ಲಿ ತಾಲೀಮಿಗೆ ಖರ್ಚಾಗಿ ಉಳಿದದ್ದರಲ್ಲಿಯೇ ಹೃದಯ, ಮೆದುಳು, ಮೂಳೆ, ಋತುಚಕ್ರ ನಡೆಯಬೇಕು. ಉಳಿದದ್ದು ಸಾಲದಿದ್ದರೆ ಮೆದುಳು ಅಂಡಾಶಯಕ್ಕೆ ಕಳಿಸುವ ಸಂದೇಶವನ್ನು ತಗ್ಗಿಸುತ್ತದೆ. ಆಗ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಮುಟ್ಟು ನಿಲ್ಲುತ್ತದೆ.

ಒಂದು ಲೆಕ್ಕ ನೋಡಿ. 50 ಕಿಲೋ ತೂಕದ ಹುಡುಗಿಯ ದೇಹದಲ್ಲಿ ಕೊಬ್ಬನ್ನು ಬಿಟ್ಟು 40 ಕಿಲೋ ಇದೆ ಎನ್ನೋಣ. ಕಿಲೋಗೆ ಸುಮಾರು 45ರಂತೆ ದಿನಕ್ಕೆ 1800 ಕ್ಯಾಲೊರಿ ಬೇಕು. ತಾಲೀಮಿಗೆ 500 ಖರ್ಚಾದರೆ ಒಟ್ಟು 2300 ಆಯಿತು. ತೂಕ ಸರಿಯಾಗಿಯೇ ಕಂಡರೂ ಈ ಕೊರತೆ ಇರಬಹುದು.

ಮೂಳೆಗೆ ಆಗುವ ಹಾನಿ

ಮೂಳೆಯ ಗಟ್ಟಿತನದ ಬಹುಪಾಲು 20 ವರ್ಷದೊಳಗೇ ಕೂಡಿಬರುತ್ತದೆ. ಈಸ್ಟ್ರೋಜನ್ ಇಲ್ಲದಿದ್ದರೆ ಆ ಗಳಿಕೆ ತಪ್ಪುತ್ತದೆ. ಅದನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಅಮೆರಿಕದ ಓಟಗಾರ್ತಿ ಮೇರಿ ಕೇನ್ 2013ರಲ್ಲಿ, 17ನೇ ವಯಸ್ಸಿಗೇ, ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಓಡಿದವರು. ಮುಂದೆ ತೂಕ ಇಳಿಸುವ ಒತ್ತಡದಲ್ಲಿ ತಮಗೆ ಮೂರು ವರ್ಷ ಮುಟ್ಟಾಗಲಿಲ್ಲ, ಐದು ಮೂಳೆ ಮುರಿದವು ಎಂದು 2019ರಲ್ಲಿ ಅವರೇ ಹೇಳಿದರು.

ಯಾವಾಗ ವೈದ್ಯರನ್ನು ಕಾಣಬೇಕು?

1. ಸತತ ಮೂರು ತಿಂಗಳು ಮುಟ್ಟಾಗದಿದ್ದರೆ, ಅಥವಾ 15 ವರ್ಷವಾದರೂ ಮೈನೆರೆಯದಿದ್ದರೆ.
2. ಮೊಣಕಾಲ ಕೆಳಗೆ ಅಥವಾ ಪಾದದಲ್ಲಿ ಒಂದೇ ಜಾಗದಲ್ಲಿ ನೋವಿದ್ದು, ಓಡಿದಾಗ ಹೆಚ್ಚಾದರೆ. ಇದು ಮೂಳೆಯ ಸಣ್ಣ ಬಿರುಕಿರಬಹುದು. ಆರಂಭದಲ್ಲಿ ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು.
3. ಸದಾ ಆಯಾಸ, ತಲೆಸುತ್ತು, ಪದೇ ಪದೇ ಕಾಯಿಲೆ ಇದ್ದರೆ.
4. ಊಟ ಬಚ್ಚಿಡುವುದು, ಉಂಡದ್ದನ್ನು ವಾಂತಿ ಮಾಡುವುದು ಕಂಡರೆ. ಆಗ ಬೈಯಬೇಡಿ, ಕರೆತನ್ನಿ.

ಮುಟ್ಟು ನಿಲ್ಲಲು ಗರ್ಭ, ಥೈರಾಯ್ಡ್ ಮುಂತಾದ ಕಾರಣಗಳೂ ಇರುವುದರಿಂದ ವೈದ್ಯರು ಮೊದಲು ಅವನ್ನು ಪರೀಕ್ಷಿಸುತ್ತಾರೆ.

ಪರಿಹಾರವೇನು?

ಮುಖ್ಯ ಔಷಧ ಊಟ ಮತ್ತು ವಿಶ್ರಾಂತಿ. ಹಾರ್ಮೋನು ಮಾತ್ರೆಯಿಂದ ತಿಂಗಳಿಗೊಮ್ಮೆ ರಕ್ತಸ್ರಾವವಾದರೂ ಮೂಲ ಕೊರತೆ ಹಾಗೇ ಉಳಿಯುತ್ತದೆ. ಆದ್ದರಿಂದ ಅಂಗಡಿಯಿಂದ ತಂದು ನುಂಗಿಸಬೇಡಿ.

* ಬೆಳಗಿನ ತಾಲೀಮಿಗೆ ಮೊದಲು ಬಾಳೆಹಣ್ಣು, ಮುಗಿದ ಕೂಡಲೇ ಹಾಲು, ಶೇಂಗಾ ಉಂಡೆ ಕೊಡಿ.
* ಎರಡು ಹೊತ್ತಿನ ಊಟದಲ್ಲಿ ರೊಟ್ಟಿ ಅಥವಾ ಮುದ್ದೆ, ಅನ್ನ, ಬೇಳೆ, ಮೊಳಕೆಕಾಳು, ಸೊಪ್ಪು, ಮೊಸರು ಇರಲಿ. ರಾಗಿ, ಹಾಲಿನಿಂದ ಸುಣ್ಣಾಂಶ ಸಿಗುತ್ತದೆ.
* ಉಪವಾಸದ ದಿನ ಕಠಿಣ ತಾಲೀಮು ಬೇಡ.
* ವಾರಕ್ಕೆ ಒಂದು ದಿನವಾದರೂ ಪೂರ್ಣ ವಿಶ್ರಾಂತಿ ಇರಲಿ.

ಮುಟ್ಟು ಮರಳಲು ಕೆಲವು ತಿಂಗಳು ಹಿಡಿಯಬಹುದು, ಧೈರ್ಯಗೆಡಬೇಡಿ. ತಾಯಂದಿರೇ, ಮಗಳ ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿಕೊಡಿ. ಆಸ್ಪತ್ರೆಗೆ ಬರುವಾಗ ಅದನ್ನೂ ತನ್ನಿ. ಮಗಳು ಆಟ ಬಿಡಬೇಕಾಗಿಲ್ಲ, ಹೊಟ್ಟೆತುಂಬ ಉಂಡು ಆಡಲಿ.