ವಾಟದ ಲೆಕ್ಕ ಬೀದಿಯಿಂದ ಶುರುವಾಗಲಿ

ಮಗಳೇ, ಪಾಯ ತೆಗೆಸಲು ದಿನ ಗೊತ್ತಾಯಿತು ಅಂದೆ, ಕೇಳಿ ಸಂತೋಷವಾಯಿತು. ಬಾಗಿಲು ಯಾವ ದಿಕ್ಕಿಗಿರಬೇಕು, ಅಡುಗೆಮನೆ ಯಾವ ಮೂಲೆಗೆ ಬರಬೇಕು ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೊಳಚೆ ನೀರು ಹೊರಗೆ ಹೋಗುವ ಪೈಪಿಗೆ ಎಷ್ಟು ವಾಟ ಕೊಡಬೇಕು ಅನ್ನುವುದನ್ನು ಮಾತ್ರ ಯಾರೂ ನಿನ್ನ ಜೊತೆ ಕೂತು ಮಾತಾಡುವುದಿಲ್ಲ. ಪ್ಲಂಬರ್ ನೋಡ್ಕೊತಾನೆ ಬಿಡಿ ಅಂತಾರೆ. ಪ್ಲಂಬರ್ ಬರುವುದು ಗೋಡೆ ಎದ್ದ ಮೇಲೆ. ಅಷ್ಟರಲ್ಲಿ ಪಾಯದ ಎತ್ತರವೂ ನೆಲದ ಮಟ್ಟವೂ ಗಟ್ಟಿಯಾಗಿರುತ್ತವೆ. ಉಳಿದ ಜಾಗದಲ್ಲಿ ಪೈಪನ್ನು ಹೇಗೋ ತೂರಿಸಿ ಬೀದಿಗೆ ಸೇರಿಸುವುದಷ್ಟೇ ಅವನ ಪಾಲಿಗೆ ಬರುತ್ತದೆ.

ಆದ್ದರಿಂದ ಪಾಯಕ್ಕೆ ಗುರುತು ಹಾಕುವ ಮುಂಚೆ ಬೀದಿಯ ಒಳಚರಂಡಿಯ (ಯುಜಿಡಿ) ಮ್ಯಾನ್‌ಹೋಲ್ ನೋಡು. ಒಳಚರಂಡಿ ವಿಭಾಗದವರಿಗೆ ಹೇಳಿ ಮುಚ್ಚಳ ತೆಗೆಸು. ಒಳಗೆ ಯಾರೂ ಇಳಿಯುವುದು ಬೇಡ, ಮೇಲಿನಿಂದಲೇ ಕೋಲು ಬಿಟ್ಟು ಅಳೆಯಲಿ. ನಿನಗೆ ಬೇಕಾದದ್ದು ಒಂದೇ ಅಳತೆ: ನಿನ್ನ ಪೈಪು ಯಾವ ಆಳದಲ್ಲಿ ಹೋಗಿ ಸೇರಬಹುದು ಅನ್ನುವುದು. ಆ ಆಳವನ್ನು ರಸ್ತೆಯ ಮೇಲ್ಮೈಯಿಂದ ಲೆಕ್ಕ ಹಾಕಿ ಸುಮ್ಮನಾಗಬೇಡ, ರಸ್ತೆ ಪ್ರತಿ ಡಾಂಬರಿಗೂ ಮೇಲೇಳುತ್ತದೆ. ಕಾಂಪೌಂಡಿನ ಮೇಲೋ, ಕದಲದ ಒಂದು ಕಲ್ಲಿನ ಮೇಲೋ ಗೆರೆ ಹಾಕಿಸಿ, ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿಸಿ, ಎಲ್ಲ ಅಳತೆಯನ್ನೂ ಆ ಒಂದು ಗೆರೆಯಿಂದಲೇ ತೆಗೆಸು. ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಇದ್ದರೂ ಮಟ್ಟ ತಪ್ಪುತ್ತದೆ, ಅದನ್ನು ನೀನೇ ನೋಡು.

ಈಗ ಲೆಕ್ಕ. ಮನೆಗಳಿಗೆ ಹಾಕುವ ನಾಲ್ಕಿಂಚಿನ ಪೈಪಿಗೆ ನಲವತ್ತಕ್ಕೆ ಒಂದು ಅನ್ನುವುದು ಹಳೆಯ, ನಂಬಬಹುದಾದ ವಾಟ. ಇಂಚಿನ ಅಳತೆಯನ್ನು ಹತ್ತರಿಂದ ಗುಣಿಸು ಎಂಬ ಸೂತ್ರ ಅದು; ಆರಿಂಚಿಗೆ ಅರವತ್ತಕ್ಕೆ ಒಂದು. ನಲವತ್ತು ಅಡಿ ಹೋಗುವಷ್ಟರಲ್ಲಿ ಒಂದಡಿ ಇಳಿಯಬೇಕು, ಹತ್ತಡಿಗೆ ಮೂರಿಂಚು. ಮೇಸ್ತ್ರಿಯ ಭಾಷೆಯಲ್ಲಿ ಅಡಿಗೆ ಹೆಚ್ಚುಕಡಿಮೆ ಎರಡೂವರೆ ನೂಲು, ಮೀಟರಿಗೆ ಎರಡೂವರೆ ಸೆಂಟಿಮೀಟರ್. ಅಡಿಗೆ ಎರಡು ನೂಲು ಕೊಡ್ತೀನಿ ಅಂದರೂ ಜಗಳ ಮಾಡಬೇಡ, ಅದು ನಲವತ್ತೆಂಟಕ್ಕೆ ಒಂದಾಗುತ್ತದೆ, ನಡೆಯುತ್ತದೆ. ಪೈಪು ಅರ್ಧ ತುಂಬಿ ಹರಿಯುವಾಗ ನೀರಿನ ವೇಗ ಸೆಕೆಂಡಿಗೆ 0.75 ಮೀಟರಿಗಿಂತ ಕಡಿಮೆಯಾಗಬಾರದು, ಕಡಿಮೆಯಾದರೆ ಕಲ್ಮಶ ತಳದಲ್ಲಿ ಕೂರುತ್ತದೆ. ನಾಲ್ಕಿಂಚಿನ ಪೈಪಿನಲ್ಲಿ ಆ ವೇಗ ಸಿಗಬೇಕಾದರೆ ಐವತ್ತೇಳಕ್ಕೆ ಒಂದಾದರೂ ವಾಟ ಬೇಕು. ಅದಕ್ಕಿಂತ ಚಪ್ಪಟೆ ಮಾಡಲು ಒಪ್ಪಬೇಡ.

ನಿನ್ನದು ಮೂವತ್ತು ನಲವತ್ತರ ಸೈಟು. ಹಿಂದಿನ ಟಾಯ್ಲೆಟ್ಟಿನಿಂದ ಬೀದಿಯ ಮ್ಯಾನ್‌ಹೋಲಿಗೆ ನಲವತ್ತೆಂಟು ಅಡಿ ಅಂದುಕೊಳ್ಳೋಣ. ನಲವತ್ತಕ್ಕೆ ಒಂದರಂತೆ ಪೈಪು ಹದಿನಾಲ್ಕೂವರೆ ಇಂಚು ಇಳಿಯುತ್ತದೆ. ಹಿಂದುಗಡೆ ಪೈಪಿನ ತಳ ನೆಲದಿಂದ ಒಂದಡಿ ಕೆಳಗಿದ್ದರೆ, ಬೀದಿ ಮುಟ್ಟುವಾಗ ಎರಡಡಿ ಎರಡೂವರೆ ಇಂಚು ಕೆಳಗಿರುತ್ತದೆ. ನಿನ್ನ ಗೆರೆಯಿಂದ ಲೆಕ್ಕ ಹಾಕಿದಾಗ ಬೀದಿಯಲ್ಲಿ ಮೂರಡಿ ಆಳ ಸಿಕ್ಕರೆ ಸುಖ. ಎರಡೇ ಅಡಿ ಸಿಕ್ಕರೆ? ಐವತ್ತೇಳಕ್ಕೆ ಒಂದು ಹಿಡಿದರೆ ಹತ್ತಿಂಚು ಇಳಿತ, ಒಂದಡಿ ಹತ್ತಿಂಚಿಗೆ ಮುಗಿಯುತ್ತದೆ, ಕಷ್ಟಪಟ್ಟು ಕೂರುತ್ತದೆ. ಅದಕ್ಕೂ ಜಾಗವಿಲ್ಲ ಅಂದರೆ ಪಾಯವನ್ನೇ ಎತ್ತರಿಸಬೇಕು. ಇವತ್ತು ಕಾಗದದ ಮೇಲೆ ಎತ್ತರಿಸುವುದಕ್ಕೆ ಖರ್ಚಿಲ್ಲ. ಇನ್ನೊಂದು ಮಾತು, ಕೆಳಮನೆಯ ಬಚ್ಚಲಿನ ನೆಲ ಬೀದಿಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಮೇಲೇ ಇರಲಿ. ಮಳೆಗಾಲದಲ್ಲಿ ಬೀದಿಯ ಲೈನು ಕಟ್ಟಿಕೊಂಡರೆ ಕೊಳಚೆ ಹುಡುಕುವುದು ತಗ್ಗಿನ ಬಾಯಿಯನ್ನೇ.

ವಾಟ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಹೇಳುವವರು ಸಿಗುತ್ತಾರೆ. ಬೇಕಿಲ್ಲದ ಕಡೆ ಇಳಿಸಿದ ಪ್ರತಿ ಇಂಚೂ ಬೀದಿಯ ಹತ್ತಿರ ಸಾಲದೆ ಬರುತ್ತದೆ ಕಣಮ್ಮ. ನಾಲ್ಕರ ಬದಲು ಆರಿಂಚಿನ ಪೈಪು ಹಾಕಿಸಿ, ವಾಟ ಕಡಿಮೆ ಸಾಕು ಅಂತಲೂ ಅಂತಾರೆ. ಒಂದು ಮನೆಯ ನೀರು ಅಷ್ಟಗಲದ ಪೈಪಿನಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ, ಗಟ್ಟಿ ಪದಾರ್ಥವನ್ನು ಎತ್ತಿಕೊಂಡು ಹೋಗುವ ಬಲ ಅದಕ್ಕಿರುವುದಿಲ್ಲ. ನಿನಗೆ ನಾಲ್ಕಿಂಚೇ ಸಾಕು.

ಕೆಲಸದ ದಿನ ನೀನು ಅಲ್ಲಿರಬೇಕು, ರಜೆ ಹಾಕಿಯಾದರೂ. 1.2 ಮೀಟರಿನ ರಸಮಟ್ಟ ತೆಗೆದುಕೊಂಡು, ಅದರ ಒಂದು ತುದಿಯ ಅಡಿಗೆ ಮೂರು ಸೆಂಟಿಮೀಟರ್ ದಪ್ಪದ ಮರದ ತುಂಡು ಕಟ್ಟಿಸು. ತುಂಡಿರುವ ತುದಿಯನ್ನು ಇಳಿಜಾರಿನ ಕಡೆಗೆ ಮಾಡಿ ಪೈಪಿನ ಮೇಲಿಟ್ಟಾಗ ಗುಳ್ಳೆ ನಡುವಿಗೆ ಬಂದು ನಿಂತರೆ ನಲವತ್ತಕ್ಕೆ ಒಂದು ಸರಿಯಾಗಿದೆ ಅಂತ. ಲೆಕ್ಕ ಬಾರದವರೂ ಇದನ್ನು ನೋಡಿ ಹೇಳಬಹುದು. ಪೈಪಿನ ಸಾಕೆಟ್ ಬಾಯಿ ಎತ್ತರದ ಕಡೆಗಿರಬೇಕು. ಸಾಕೆಟ್ ಬರುವ ಕಡೆ ಸ್ವಲ್ಪ ಮಣ್ಣು ಕೆರೆದು ತೆಗೆಸು, ಪೈಪಿನ ಮೈ ಪೂರ್ತಿ ನೆಲಕ್ಕೆ ಕೂರಲಿ. ಕೆಲವರು ವಾಟ ಸರಿಮಾಡಲು ಅಲ್ಲಲ್ಲಿ ಇಟ್ಟಿಗೆ ಚೂರು ಕೊಟ್ಟು ಮೇಲೆ ಮಣ್ಣು ತಳ್ಳಿಬಿಡುತ್ತಾರೆ. ನೋಡುವ ದಿನ ಎಲ್ಲ ನೆಟ್ಟಗಿರುತ್ತದೆ. ಒಂದೆರಡು ಮಳೆಗೆ ಸಡಿಲ ಮಣ್ಣು ಕುಸಿದು ಎರಡು ಇಟ್ಟಿಗೆಗಳ ನಡುವೆ ಪೈಪು ಹೊಟ್ಟೆ ಬಿಡುತ್ತದೆ. ಕೊಳಚೆ ನಿಲ್ಲುವುದು ಆ ಹೊಟ್ಟೆಯಲ್ಲೇ. ಕೆಳಗೆ ದಮ್ಮಸು ಮಾಡಿದ ಮಣ್ಣು, ಅದರ ಮೇಲೆ ಮರಳು, ಪೈಪಿನ ಎರಡೂ ಪಕ್ಕಕ್ಕೆ ಕೈಯಿಂದ ತುಂಬಿದ ಮರಳು: ಇಷ್ಟು ಬೇಕೇ ಬೇಕು.

ಪೈಪು ತಿರುಗುವ ಕಡೆಯೆಲ್ಲ ಚೇಂಬರ್ ಇರಲಿ. ಅದರ ತಳವನ್ನು ಚಪ್ಪಟೆ ಬಿಟ್ಟರೆ ಅಲ್ಲೇ ಹೊಲಸು ಮಡುಗಟ್ಟುತ್ತದೆ. ಪೈಪನ್ನು ಉದ್ದಕ್ಕೆ ಅರ್ಧ ಸೀಳಿದ ಹಾಗೆ ಸಿಮೆಂಟಿನಲ್ಲಿ ಕಾಲುವೆ ಮಾಡಿಸಿ, ಎರಡು ಪಕ್ಕದಿಂದಲೂ ಅದಕ್ಕೆ ಇಳಿಜಾರು ಕೊಡಿಸು. ಪಕ್ಕದಿಂದ ಬರುವ ಲೈನು ನೀರು ಹೋಗುವ ದಿಕ್ಕಿಗೆ ಓರೆಯಾಗಿ ಸೇರಲಿ. ನೇರ ಟೀ ಬೇಡ, ವೈ ಹಾಕಿಸು. ತಾರಸಿಯ ಮಳೆನೀರನ್ನು ಈ ಲೈನಿಗೆ ಬಿಡಿಸಲೇಬೇಡ. ಬಚ್ಚಲಿನ ನೆಲಕ್ಕೆ ನಾನಿ ಟ್ರ್ಯಾಪಿನ ಕಡೆಗೆ ನಾಲ್ಕಡಿಗೆ ಅರ್ಧ ಇಂಚು ಸಾಕು.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ವಾಟ ತಪ್ಪಿದ ಪೈಪು ಕಟ್ಟಿಕೊಂಡಾಗ ಅದನ್ನು ಬಿಡಿಸಲು ಯಾರೋ ಒಬ್ಬ ಮನುಷ್ಯ ಬರಬೇಕಾಗುತ್ತದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾನೂನು, ರಕ್ಷಣಾ ಸಲಕರಣೆ ಇಲ್ಲದೆ ಯಾರನ್ನೂ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸಕೂಡದು ಎನ್ನುತ್ತದೆ. ಆದರೂ ಮನೆಯವರು ರಾತ್ರೋರಾತ್ರಿ ಯಾರನ್ನೋ ಕರೆಸಿ, ದುಡ್ಡು ಕೊಟ್ಟು ಇಳಿಸುತ್ತಾರೆ. ವಿಷಗಾಳಿ ಕುಡಿದು ಜೀವ ಬಿಟ್ಟವರ ಸುದ್ದಿಯನ್ನು ನೀನೂ ಓದಿದ್ದೀಯ. ನಿನ್ನ ಮನೆಗೆ ಅಂಥ ಹೊತ್ತು ಬರಬಾರದು ಅನ್ನುವುದು ನನ್ನ ಆಸೆ.

ಮಣ್ಣು ಮುಚ್ಚುವ ಮುಂಚೆ ಪರೀಕ್ಷೆ ಮಾಡಿಸು. ಒಂದು ಚೇಂಬರಿನಿಂದ ಟಾರ್ಚ್ ಹಾಯಿಸಿ, ಮುಂದಿನ ಚೇಂಬರಿನಲ್ಲಿ ಕನ್ನಡಿ ಹಿಡಿದು ನೋಡು. ಪೈಪಿನ ಬಾಯಿ ಹುಣ್ಣಿಮೆ ಚಂದ್ರನ ಹಾಗೆ ಪೂರ್ತಿ ಗುಂಡಗೆ ಕಂಡರೆ ಸರಿ. ಒಂದು ಪಕ್ಕ ತಿಂದ ಹಾಗೆ ಕಂಡರೆ ನಡುವೆ ಎಲ್ಲೋ ಸೊಟ್ಟವಾಗಿದೆ, ಬಿಚ್ಚಿ ಕೂರಿಸಲಿ. ಪೈಪಿನ ಒಳವ್ಯಾಸಕ್ಕಿಂತ 13 ಮಿಲಿಮೀಟರ್ ಚಿಕ್ಕದಾದ ನುಣುಪು ಚೆಂಡನ್ನು ಮೇಲಿನಿಂದ ಬಿಟ್ಟು, ಅದು ತಡೆಯಿಲ್ಲದೆ ಉರುಳಿ ಬರುತ್ತದೆಯೋ ನೋಡುವ ಕ್ರಮವೂ ಇದೆ. ಇದೆಲ್ಲ ಆಗುವವರೆಗೆ ಆ ಭಾಗದ ದುಡ್ಡು ಪೂರ್ತಿ ಚುಕ್ತಾ ಮಾಡಬೇಡ. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು, ಪ್ರತಿ ಚೇಂಬರ್ ಕಾಂಪೌಂಡಿನಿಂದ ಎಷ್ಟು ಅಡಿ ದೂರ, ಎಷ್ಟು ಆಳ ಅಂತ ಒಂದು ಹಾಳೆಯಲ್ಲಿ ಬರೆದು ಮನೆಯ ಪತ್ರಗಳ ಜೊತೆಗಿಡು.